ಬಡಿಸುವವರ ಹೊಟ್ಟೆ

ವಿಜಯವಾಡೆಯ ಯಾವುದೇ ಉಡುಪಿ ಹೋಟೆಲಿಗೆ ಮಧ್ಯಾಹ್ನ ಒಂದು ಗಂಟೆಗೆ ಹೋಗಿ ನೋಡಿರಿ. ಗಿರಾಕಿಗಳು ಉಣ್ಣುತ್ತಿರುತ್ತಾರೆ, ನಮ್ಮ ಮಾಣಿಗಳು ಬಡಿಸುತ್ತಿರುತ್ತಾರೆ. ಊರೆಲ್ಲ ಉಂಡೆದ್ದ ಮೇಲೆ, ಮೂರೂವರೆಗೋ ನಾಲ್ಕಕ್ಕೋ, ಬಡಿಸಿದವರ ಪಂಕ್ತಿ. ವಿಶಾಖಪಟ್ಟಣದ ಬಂದರಿನಲ್ಲಿ, ಬ್ಯಾಂಕುಗಳಲ್ಲಿ ದುಡಿಯುವ ನಮ್ಮ ಗುಮಾಸ್ತ ಮಿತ್ರರ ಪಾಡೂ ಇದಕ್ಕಿಂತ ಬಹಳ ಭಿನ್ನವಲ್ಲ. ಬೆಳಿಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಅವಸರದ ನಾಲ್ಕು ತುತ್ತು. ಅನ್ನವನ್ನೇ ನಂಬಿ ಬದುಕುವ ನಾವು, ಆ ಅನ್ನವು ಒಳಹೊಕ್ಕ ಮೇಲೆ ಏನಾಗುವುದೆಂದು ವಿಚಾರಿಸಿದವರಲ್ಲ. ಈ ದಿನ ಅದನ್ನೇ ವಾಚಕರ ಮುಂದಿಡುತ್ತೇವೆ. ನಾವು ವೈದ್ಯರಲ್ಲ. ಆದರೂ ಬರೆಯಲು ಕಾರಣವುಂಟು. ಅದನ್ನು ಮುಂದೆ ಅರಿಕೆ ಮಾಡುತ್ತೇವೆ.

ಪಚನಕ್ರಿಯೆಯು ಬಾಯಿಯಲ್ಲೇ ಆರಂಭವಾಗುತ್ತದೆ. ಹಲ್ಲು ನಮ್ಮ ಅರೆಯುವ ಕಲ್ಲು. ಲಾಲಾರಸವು ಅದಕ್ಕೆ ಹನಿಸುವ ನೀರು. ಅನ್ನವನ್ನು ಚೆನ್ನಾಗಿ ಅಗಿದರೆ ಸಿಹಿಯಾಗುವುದೇಕೆ? ಲಾಲಾರಸದ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದರಿಂದ. ನುಂಗಿದ ತುತ್ತನ್ನು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವು ಅಲೆಯಲೆಯಾಗಿ ಹಿಂಡಿ, ಕೆಲವೇ ಸೆಕೆಂಡುಗಳಲ್ಲಿ ಜಠರಕ್ಕೆ ತಳ್ಳುತ್ತದೆ.

ಜಠರವು ಸ್ನಾಯುಗಳಿಂದಾದ ಚೀಲ. ನಮ್ಮ ಗ್ರೈಂಡರಿನಂತೆ ಅನ್ನವನ್ನು ಎರಡರಿಂದ ನಾಲ್ಕು ಗಂಟೆಗಳ ಕಾಲ ಕಡೆಯುತ್ತದೆ. ಅಲ್ಲಿ ಸ್ರವಿಸುವ ಹೈಡ್ರೋಕ್ಲೋರಿಕ್ ಆಮ್ಲವು ಬಹು ತೀಕ್ಷ್ಣವಾದುದು. ಪೆಪ್ಸಿನ್ ಎಂಬ ಕಿಣ್ವವು ಅದರೊಡಗೂಡಿ ಬೇಳೆಕಾಳುಗಳ ಸಸಾರಜನಕವನ್ನು ಒಡೆಯುತ್ತದೆ. ಇಂಥ ಆಮ್ಲವು ಜಠರವನ್ನೇ ತಿನ್ನದಿರುವುದು, ಒಳಗೋಡೆಗೆ ಬಳಿದಂತಿರುವ ಲೋಳೆಯ ಪದರದಿಂದ. ಇನ್ನೊಂದು ಸಂಗತಿ: ಅನ್ನ ಬಾಯಿಗೆ ಬೀಳುವ ಮೊದಲೇ, ಅದರ ನೋಟದಿಂದ, ವಾಸನೆಯಿಂದ, ಜಠರರಸ ಒಸರತೊಡಗುತ್ತದೆ. ರಷ್ಯದ ಪಾವ್ಲೋವ್ ಎಂಬ ವಿಜ್ಞಾನಿ ನಾಯಿಗಳ ಮೇಲೆ ಪ್ರಯೋಗ ನಡೆಸಿ ಪಚನಕ್ರಿಯೆಯ ಇಂಥ ಮರ್ಮಗಳನ್ನು ತೋರಿಸಿಕೊಟ್ಟು 1904ರಲ್ಲಿ ನೊಬೆಲ್ ಬಹುಮಾನ ಪಡೆದರು. ಹಾಗಾದರೆ, ಹೊತ್ತಿನಿಂದ ಹೊತ್ತಿಗೆ ಒಗ್ಗರಣೆಯ ಘಮದಲ್ಲಿ ನಿಂತ ಮಾಣಿಯ ಜಠರದ ಗತಿಯೇನು? ರಸ ಸಿದ್ಧವಾಗುತ್ತದೆ; ಅನ್ನ ಬರುವುದಿಲ್ಲ.

ಜಠರದಿಂದ ಹೊರಟ ಗಂಜಿಯು ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿಯುತ್ತದೆ. ಹನ್ನೆರಡು ಬೆರಳುಗಳ ಅಗಲದಷ್ಟು ಉದ್ದವಿದೆಯೆಂದು ಹಿಂದಿನವರು ಅಳೆದ ಭಾಗವಿದು. ಮೇದೋಜೀರಕ ಗ್ರಂಥಿಯ ರಸವು ಅಲ್ಲಿ ಆಮ್ಲದ ಉರಿಯನ್ನು ತಣಿಸುತ್ತದೆ. ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತು ತಯಾರಿಸಿದ ಪಿತ್ತರಸವು ಪಿತ್ತಕೋಶದಲ್ಲಿ ದಾಸ್ತಾನಿದ್ದು, ಜಿಡ್ಡು ಪಾತ್ರೆಗೆ ಸೀಗೆಪುಡಿಯಂತೆ, ತುಪ್ಪ ಎಣ್ಣೆಗಳನ್ನು ಒಡೆಯಲು ನೆರವಾಗುತ್ತದೆ. ಮುಂದೆ ಆರು ಮೀಟರಿನಷ್ಟು ಸುರುಳಿ. ಅದರ ಒಳಮೈ ಮಖಮಲ್ಲಿನಂತೆ. ಆ ಎಳೆಎಳೆಗಳೇ ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುತ್ತವೆ. ಉಂಡದ್ದು ಮೈಗೆ ಹತ್ತುವುದು ಇಲ್ಲಿಯೇ ಹೊರತು ಜಠರದಲ್ಲಲ್ಲ.

ಈ ಮಖಮಲ್ಲು ಸವೆದರೆ ಎಷ್ಟು ಉಂಡರೂ ವ್ಯರ್ಥ. ಈ ಎರಡು ಊರುಗಳ ನಡುವಿನ ಗೋದಾವರಿ ಸೀಮೆಯ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಸಹೋದರರಿಬ್ಬರನ್ನು ಸ್ಪ್ರೂ ಎಂಬ ಇಂಥದೇ ಕರುಳಿನ ವ್ಯಾಧಿ ಬಲಿ ತೆಗೆದುಕೊಂಡಿತು. ಅದಕ್ಕೆ ತಾವೂ ತುತ್ತಾಗಿ, ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ ಬದುಕಿದ ಸುಬ್ಬರಾವ್ ಅಮೆರಿಕಕ್ಕೆ ಹೋದರು. ಅಲ್ಲಿ ಅವರ ಮುಂದಾಳುತನದ ತಂಡವು 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಅದೇ ಆ ವ್ಯಾಧಿಗೆ ಔಷಧವಾಯಿತು.

ಉಳಿದುದು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿಗೆ ಹೋಗುತ್ತದೆ. ಅದು ನೀರನ್ನು ಹೀರುತ್ತದೆ. ದೋಸೆ ಹಿಟ್ಟನ್ನು ಹುದುಗಿಸುವಂಥ ಸೂಕ್ಷ್ಮಜೀವಿಗಳು ಅಲ್ಲಿ ಕೋಟ್ಯಂತರ ನೆಲಸಿ, ಸೊಪ್ಪು ತರಕಾರಿಗಳ ನಾರನ್ನು ಹುದುಗಿಸುತ್ತವೆ. ಮಿಕ್ಕ ಕಲ್ಮಷವು ಮಲವಾಗಿ ಹೊರಬೀಳುತ್ತದೆ.

ಇನ್ನು ನಮ್ಮ ಅರಿಕೆ. ವಿಜಯವಾಡೆಯಲ್ಲಿ ನಾವು ಹೋಟೆಲು ನಡೆಸುತ್ತಿದ್ದಾಗ ಕುಂದಾಪುರದ ಕಡೆಯ ಹುಡುಗನೊಬ್ಬ ನಮ್ಮಲ್ಲಿದ್ದ. “ಧಣಿ, ರಾತ್ರಿ ಎದೆಗುಂಡಿಗೆಯ ಕೆಳಗೆ ಉರಿಯುತ್ತದೆ, ಏನಾದರೂ ತಿಂದರೆ ಕಮ್ಮಿ” ಎಂದ. “ಗ್ಯಾಸ್ ಮಾರಾಯ, ಒಂದು ಸೋಡಾ ಕುಡಿ” ಎಂದೆವು. ನಿಂತು ನಿಂತು ಕಾಲು ನೋಯುತ್ತದೆಂದು ಅವನು ದಿನವೂ ನೋವಿನ ಮಾತ್ರೆ ನುಂಗುತ್ತಿದ್ದುದೂ ನಮಗೆ ತಿಳಿಯದು. ಒಂದು ಬೆಳಿಗ್ಗೆ ದೋಸೆಕಲ್ಲಿನ ಬಳಿ ಕುಸಿದುಬಿದ್ದ. ಮೂರು ದಿನಗಳಿಂದ ಮಲವು ಟಾರಿನಂತೆ ಕಪ್ಪಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಸಣ್ಣ ಕರುಳಿನ ಆರಂಭದಲ್ಲೇ ಹುಣ್ಣಾಗಿ ರಕ್ತ ಸೋರುತ್ತಿತ್ತು. ವೈದ್ಯರು ರಕ್ತ ಕೊಟ್ಟು ಉಳಿಸಿದರು. ಗಲ್ಲೆಯಲ್ಲಿ ಕುಳಿತ ನಮಗೆ ಎಷ್ಟು ಇಡ್ಲಿ ಹೋಯಿತೆಂಬ ಲೆಕ್ಕವಿತ್ತು. ಅವನು ಉಂಡನೇ ಎಂಬ ಲೆಕ್ಕವಿರಲಿಲ್ಲ.

ಇಂಥ ಹುಣ್ಣಿಗೆ ಖಾರವೂ ಚಿಂತೆಯೂ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಎಂಬ ವೈದ್ಯರು 1982ರಲ್ಲಿ ಜಠರದಲ್ಲೇ ಬಾಳುವ ಬ್ಯಾಕ್ಟೀರಿಯವೊಂದನ್ನು ಗುರುತಿಸಿದರು. ಜನ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಜೀವಿಗಳನ್ನು ತಾವೇ ಕುಡಿದು, ಜಠರದ ಉರಿಯೂತ ತಂದುಕೊಂಡು ತೋರಿಸಿದರು. ಇಬ್ಬರಿಗೂ 2005ರ ನೊಬೆಲ್ ಬಹುಮಾನ ಸಂದಿತು. ಬಹುತೇಕ ಹುಣ್ಣುಗಳಿಗೆ ಕಾರಣ ಆ ಸೂಕ್ಷ್ಮಜೀವಿ, ಇಲ್ಲವೇ ನೋವಿನ ಮಾತ್ರೆಗಳು. ಆಂಧ್ರದ ಆವಕಾಯಿ ಉರಿಯನ್ನು ಕೆರಳಿಸಬಹುದು. ಮೂಲ ಅಪರಾಧಿ ಅದಲ್ಲ. ಸೂಕ್ಷ್ಮಜೀವಿಯಿಂದಾದ ಹುಣ್ಣು, ವೈದ್ಯರು ಕೊಡುವ ಮಾತ್ರೆಗಳನ್ನು ಎರಡು ವಾರಗಳಷ್ಟು ತಪ್ಪದೆ ನುಂಗಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ.

ಆದ್ದರಿಂದ ಮಿತ್ರರೇ, ಉರಿಯನ್ನು ಸೋಡಾದಿಂದ ಮುಚ್ಚದಿರಿ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗದಿರಿ. ಮಲ ಕಪ್ಪಾದರೆ, ರಕ್ತ ವಾಂತಿಯಾದರೆ, ಅದೇ ದಿನ, ಅದೇ ಗಳಿಗೆ ಆಸ್ಪತ್ರೆಗೆ ಹೋಗಿರಿ, ಹೇಳಲು ನಾಚಬೇಡಿರಿ. ಮಾಲೀಕ ಬಂಧುಗಳಲ್ಲಿ ನಮ್ಮ ಬೇಡಿಕೆ ಒಂದೇ: ಮಧ್ಯಾಹ್ನದ ನೂಕುನುಗ್ಗಲಿಗೆ ಮುಂಚೆ, ಹನ್ನೊಂದು ಗಂಟೆಗೆ, ಮಾಣಿಗಳಿಗೆ ಎಲೆ ಹಾಕಿಸಿರಿ. ಅದರಿಂದ ನಿಮ್ಮ ಗಲ್ಲೆಗೆ ನಷ್ಟವಿಲ್ಲ.