ಕೊಲ್ಲಿ ನಾಡಿನಲ್ಲಿ ಗಡಿನಾಡ ಕನ್ನಡಿಗ

“ಪೇರ್ಶ್ಯಕ್ಕೆ ಹೋಗಿದ್ದಾನೆ” – ಕೊಲ್ಲಿಯ ಯಾವ ಊರಿಗೆ ಹೋದವನನ್ನು ಕುರಿತೂ ಕಾಸರಗೋಡಿನ ಹಿರಿಯರು ಆಡುತ್ತಿದ್ದ ಮಾತು ಇದೊಂದೇ. ದುಬೈ, ಮಸ್ಕತ್, ಕುವೈತ್ ಎಲ್ಲವೂ ಅವರಿಗೆ ಪೇರ್ಶ್ಯವೇ. ಎಪ್ಪತ್ತರ ದಶಕದಲ್ಲಿ ಹೊರಟವರು ಮೊದಲು ಮುಂಬಯಿ ಸೇರಿ, ಅಲ್ಲಿ ವೀಸಾಕ್ಕಾಗಿ ದಿನವೆಣಿಸಿ, ಬಳಿಕ ಹಡಗನ್ನೋ ವಿಮಾನವನ್ನೋ ಏರುತ್ತಿದ್ದರು. 2006ರಲ್ಲಿ ಮಂಗಳೂರಿನ ಬಜಪೆಯಿಂದಲೇ ದುಬೈಗೆ ವಿಮಾನ ಹೊರಟಿತು. 2018ರ ಡಿಸೆಂಬರಿನಲ್ಲಿ ಕಣ್ಣೂರಿನ ನಿಲ್ದಾಣವೂ ತೆರೆಯಿತು. ದಾರಿ ಹತ್ತಿರವಾಯಿತು. ಹೋಗಿ ನೆಲೆಯೂರುವ ಕೆಲಸ ಮಾತ್ರ ಹಗುರವಾಗಿಲ್ಲ.

ಗಡಿನಾಡ ಕನ್ನಡಿಗನ ತೊಡಕು ವಿಮಾನ ನಿಲ್ದಾಣಕ್ಕಿಂತ ಬಹಳ ಮೊದಲೇ, ಮನೆಯ ಟ್ರಂಕು ಪೆಟ್ಟಿಗೆಯಲ್ಲಿರುವ ಕಾಗದಪತ್ರಗಳಲ್ಲೇ ಆರಂಭವಾಗುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಸರಕಾರಿ ದಾಖಲೆಗಳಲ್ಲಿ ನಮ್ಮ ಊರುಗಳ ಹೆಸರಿಗೆ ಹೊಸ ಬಾಲ ಬಂತು. ಮಂಜೇಶ್ವರವು ಮಂಜೇಶ್ವರಂ ಆಯಿತು. ಜನರ ಹೆಸರಿಗೂ ಅದೇ ಗತಿ. ಕನ್ನಡ ಶಾಲೆಯ ಹಾಜರಿ ಪುಸ್ತಕದ ‘ನಾರಾಯಣ’ ಪಡಿತರ ಚೀಟಿಯಲ್ಲಿ ‘ನಾರಾಯಣನ್’ ಆಗಿರುತ್ತಾನೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರೂ ಸೇರಿ ಮೂರನೆಯ ವ್ಯಕ್ತಿಯೊಬ್ಬ ಹುಟ್ಟಿಕೊಳ್ಳುತ್ತಾನೆ! ಊರಿನಲ್ಲಿರುವ ತನಕ ಇದು ನಗುವ ವಿಷಯ. ಆದರೆ ಈ ಒಂದು ‘ನ್’ಕಾರದ ದೆಸೆಯಿಂದ ನಮ್ಮ ನೆರೆಯ ಯುವಕನೊಬ್ಬ ಕೈಗೆ ಬಂದ ಕೆಲಸವನ್ನು ಕಳೆದುಕೊಂಡುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹೆಸರು ತಿದ್ದಿಸಿ, ಪ್ರಮಾಣಪತ್ರಕ್ಕೆ ಮುದ್ರೆ ಬೀಳುವಷ್ಟರಲ್ಲಿ ವೀಸಾದ ಅವಧಿ ಮುಗಿದಿತ್ತು. ತಾಯಿಯ ಬಳೆಗಳು ಆಗಲೇ ಅಡವು ಸೇರಿದ್ದವು.

ದುಬೈ, ಅಬುಧಾಬಿ ಮೊದಲಾದ ಎಮಿರೇಟುಗಳಲ್ಲಿ ವಿದ್ಯಾರ್ಹತೆಯ ಮೇಲೆ ಕೆಲಸ ಪಡೆಯುವವರ ಪ್ರಮಾಣಪತ್ರಕ್ಕೆ ಮೊದಲು ಅದನ್ನು ನೀಡಿದ ರಾಜ್ಯದ, ಅನಂತರ ನಮ್ಮ ವಿದೇಶಾಂಗ ಇಲಾಖೆಯ, ಕೊನೆಗೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ ಬೇಕು. ಕೇರಳದಲ್ಲಿ ಈ ಕೆಲಸಕ್ಕೆ ನೋರ್ಕಾ ರೂಟ್ಸ್ ಸಂಸ್ಥೆಯಿದೆ. ಎಸ್ಸೆಸೆಲ್ಸಿಯನ್ನು ಕುಂಬಳೆಯಲ್ಲೂ ಪದವಿಯನ್ನು ಮಂಗಳೂರಿನಲ್ಲೂ ಮುಗಿಸಿದವರಿಗೆ ಎರಡು ರಾಜ್ಯಗಳ ಬಾಗಿಲನ್ನು ತಟ್ಟುವ ಯೋಗ. ಸೊಲ್ಲಾಪುರ, ಹೊಸೂರು ಕಡೆಯ ಓದುಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಡುವ ಯೋಚನೆ ಬರುವ ಮೊದಲೇ, ಮಕ್ಕಳು ಶಾಲೆಯಲ್ಲಿರುವಾಗಲೇ, ಎಲ್ಲ ಕಾಗದಗಳಲ್ಲಿ ಹೆಸರು ಒಂದೇ ಆಗಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.

ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿಗೆ ದುಡಿಯಲು ಹೋಗುವಾಗ 1983ರ ವಲಸೆ ಕಾಯಿದೆಯಂತೆ ಅನುಮತಿ ಪಡೆಯಬೇಕೆಂಬ ನಿಯಮ ಬಂದಿತು. ಇದನ್ನು ಕಿರಿಕಿರಿಯೆಂದು ಬಗೆದು ಸಂದರ್ಶಕ ವೀಸಾದಲ್ಲಿ ನುಸುಳುವವರಿದ್ದಾರೆ. ಅಂಥವರ ಕೈಯಲ್ಲಿ ಕರಾರುಪತ್ರವೇ ಇರುವುದಿಲ್ಲ. ಸಂಬಳ ನಿಂತರೆ ಕೇಳುವ ದಾರಿಯೂ ಇಲ್ಲ. ನೋಂದಾಯಿತ ಏಜೆಂಟರು ಪಡೆಯಬಹುದಾದ ಶುಲ್ಕಕ್ಕೆ ಸರಕಾರವು ತೆರಿಗೆಯ ಹೊರತಾಗಿ 30,000 ರೂಪಾಯಿಯ ಮಿತಿಯನ್ನು ಹಾಕಿತ್ತು. ಲಕ್ಷಗಟ್ಟಲೆ ಕೇಳುವವನ ಬಾಗಿಲಿನಿಂದ ಹಿಂದಿರುಗುವುದೇ ಲೇಸು.

ಇನ್ನು ತಾಯಂದಿರಿಗೆ ಒಂದು ಮಾತು. ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಧಾರಾಳವಾಗಿ ಕಟ್ಟಿಕೊಡಿ. ಆದರೆ ಪಾಯಸಕ್ಕೆಂದು ಒಂದು ಹಿಡಿ ಗಸಗಸೆಯನ್ನು ಇಟ್ಟುಬಿಡಬೇಡಿ. ಅದು ಅಫೀಮಿನ ಗಿಡದ ಬೀಜವಾದುದರಿಂದ ಎಮಿರೇಟುಗಳಲ್ಲಿ ನಿಷಿದ್ಧ; ಸಿಕ್ಕಿಬಿದ್ದವರು ಸೆರೆಮನೆ ಕಂಡುದುಂಟು. ವೀಳ್ಯದೆಲೆಗೂ ಅಲ್ಲಿ ಪ್ರವೇಶವಿಲ್ಲ. ಕೆಮ್ಮಿನ, ನೋವಿನ ಕೆಲವು ಔಷಧಗಳೂ ಅಪಾಯ ತರಬಲ್ಲವು. “ಅಲ್ಲಿರುವ ನಮ್ಮವನಿಗೆ ತಲುಪಿಸು” ಎಂದು ಯಾರಾದರೂ ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬಾರದು, ದಾಕ್ಷಿಣ್ಯ ಎಷ್ಟೇ ಇರಲಿ.

ಹೋದ ಮೊದಲ ತಿಂಗಳುಗಳು ಕಠಿನ. ಅಂಗಳ, ತೋಟ, ಬಾವಿಕಟ್ಟೆಗಳ ನಡುವೆ ಬೆಳೆದವನಿಗೆ ‘ಬೆಡ್ ಸ್ಪೇಸ್’ ಎಂಬ ಹೆಸರಿನಲ್ಲಿ ಮಂಚವೊಂದಷ್ಟೇ ಬಾಡಿಗೆಗೆ ದೊರೆಯುತ್ತದೆ. ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗಿನ ಕೆಲಸ ಮಾಡಿಸಕೂಡದೆಂದು ಎಮಿರೇಟುಗಳು ಕಾನೂನು ಮಾಡಿವೆ ಎಂದರೆ ಆ ಧಗೆಯನ್ನು ಊಹಿಸಬಹುದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ರಾತ್ರಿ ಅಡಿಗೆ ಮುಗಿಸಿ ಆತ ಫೋನು ಮಾಡುವ ಹೊತ್ತಿಗೆ ಮನೆಯವರಿಗೆ ನಿದ್ದೆ.

ಆದರೂ ಗಡಿನಾಡಿನವನಿಗೆ ಒಂದು ಬಲವಿದೆ. ಒಂದೇ ಕೋಣೆಯಲ್ಲಿ ತಲಶ್ಶೇರಿಯವನೊಡನೆ ಮಲಯಾಳ, ಉಡುಪಿಯವನೊಡನೆ ತುಳು, ಲಕ್ನೋದವನೊಡನೆ ಹಿಂದಿ ಆಡಿ ಆತ ಎಲ್ಲರವನೂ ಆಗುತ್ತಾನೆ. ಪರಭಾಷೆಯ ನಡುವೆ ಬಾಳುವ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲವೇ? ತಮಾಷೆಯೆಂದರೆ ನವೆಂಬರ್ ಒಂದು. ಕೇರಳೋದಯವೂ ಕನ್ನಡ ರಾಜ್ಯೋತ್ಸವವೂ ಅಂದೇ. ಕನ್ನಡ ಸಂಘದವರು “ನೀವು ಕೇರಳದವರಲ್ಲವೇ?” ಎನ್ನುತ್ತಾರೆ, ಮಲಯಾಳಿ ಸಂಘದವರು “ನೀವು ಕನ್ನಡದವರಲ್ಲವೇ?” ಎನ್ನುತ್ತಾರೆ. ಎರಡೂ ಕಡೆ ಊಟ ಮಾಡಿ ಬಂದವರನ್ನು ನಾವು ಬಲ್ಲೆವು. ಎರಡೂ ಕಡೆ ಹೋಗದೆ ಕೋಣೆಯಲ್ಲೇ ಮಲಗಿದವರನ್ನೂ ಬಲ್ಲೆವು.

ನಮ್ಮನ್ನು ನಿಜವಾಗಿ ಕಾಡುವುದು ಮಕ್ಕಳ ಪ್ರಶ್ನೆ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿಗಾಗಿ ನಮ್ಮ ಹಿರಿಯರು ಹೋರಾಡಿದರು. ಆ ಶಾಲೆಯಲ್ಲಿ ಕಲಿತವನ ಮಗಳು ಅಲ್ಲಿನ ಭಾರತೀಯ ಶಾಲೆಯಲ್ಲಿ ಇಂಗ್ಲಿಷ್, ಅರಬಿ, ಹಿಂದಿಗಳನ್ನು ಕಲಿಯುತ್ತಾಳೆ. ಪಾಠಪಟ್ಟಿಯಲ್ಲಿ ಮಲಯಾಳ ಸಿಕ್ಕೀತು, ಕನ್ನಡ ಸಿಗುವುದು ದುರ್ಲಭ. ದುಬೈಯಲ್ಲಿ ಕನ್ನಡಿಗರು ರಜಾದಿನದ ಕನ್ನಡ ಪಾಠಶಾಲೆಯನ್ನು ಕಟ್ಟಿದ್ದಾರೆ. ದೂರವಿರುವವರಿಗೆ ಮನೆಯೇ ಶಾಲೆ.

ನಮ್ಮ ಪರಿಚಯದ ಅಜ್ಜಿಯೊಬ್ಬರು ಇದಕ್ಕೆ ತಮ್ಮದೇ ಉಪಾಯ ಹೂಡಿದ್ದಾರೆ. ಊರಿನಿಂದ ಯಾರು ಹೊರಟರೂ ಹಪ್ಪಳದ ಡಬ್ಬಿಯ ಮುಚ್ಚಳದೊಳಗೆ ಮೊಮ್ಮಗಳಿಗೆ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಬರೆದಿಡುತ್ತಾರೆ: ದನ ಕರು ಹಾಕಿದ್ದು, ಬಾವಿಯ ನೀರು ಏರಿದ್ದು. ಅದನ್ನು ಓದಿ ಹೇಳದೆ ಹಪ್ಪಳ ಕರಿಯಕೂಡದೆಂದು ಸೊಸೆಗೆ ಕಟ್ಟಪ್ಪಣೆ. ಕಳೆದ ಬಾರಿ ಹುಡುಗಿ ‘ಳ್ಳ’ ಒತ್ತಕ್ಷರದಲ್ಲಿ ಸಿಕ್ಕಿಬಿದ್ದಳಂತೆ. ಎಣ್ಣೆ ಕಾದು ಹೊಗೆಯಾಡಿತು. ಅವಳು ಓದಿಯೇ ಮುಗಿಸಿದಳು.