ತೇರು ಮುಟ್ಟುವ ಮನೆ



ನಮ್ಮ ಊರುಗಳಲ್ಲಿ ತೇರು ಗುಡಿಯ ಮುಂದಿನಿಂದ ಹೊರಡುತ್ತದೆ, ಪಾದಗಟ್ಟೆ ಮುಟ್ಟುತ್ತದೆ, ತಿರುಗಿ ಗುಡಿಗೆ ಬರುತ್ತದೆ. ನಾವು ಉತ್ತತ್ತಿ ಎಸೆದು, ಕೈಮುಗಿದು ಮನೆಗೆ ಹೋಗುತ್ತೇವೆ. ತೇರು ಹೊರಡುವುದನ್ನು ನೋಡುವವರು ಬಹಳ. ಅದು ಹೋಗಿ ಮುಟ್ಟುವ ಜಾಗದ ವಿಚಾರ ಮಾಡುವವರು ಕಡಿಮೆ. ಇಂದು ಅಂಥ ಒಂದು ಜಾಗದ ವಿಚಾರ ಮಾಡೋಣ.

ಒಡಿಶಾದ ಪುರಿಯಲ್ಲಿ ಜಗನ್ನಾಥನ ದೊಡ್ಡ ಗುಡಿ ಇದೆ. ಅಲ್ಲಿಂದ ಸುಮಾರು 3 ಕಿಲೋಮೀಟರು ದೂರದಲ್ಲಿ, ತೇರು ಸಾಗುವ ದೊಡ್ಡ ಬೀದಿಯ ಇನ್ನೊಂದು ತುದಿಗೆ, ತೋಟದ ನಡುವೆ ಇನ್ನೊಂದು ಗುಡಿ ಇದೆ. ಅದೇ ಗುಂಡಿಚಾ ಮಂದಿರ. ಗುಂಡಿಚಾ ಎಂದರೆ ಪುರಾಣದ ಇಂದ್ರದ್ಯುಮ್ನ ರಾಜನ ರಾಣಿ. ಜನರು ಪ್ರೀತಿಯಿಂದ ಇದನ್ನು ಜಗನ್ನಾಥನ ಚಿಕ್ಕಮ್ಮನ ಮನೆ ಎನ್ನುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಇದರ ಗದ್ದುಗೆ ಬರಿದಾಗಿರುತ್ತದೆ. ಆಷಾಢ ಶುದ್ಧ ಬಿದಿಗೆಯಂದು ಜಗನ್ನಾಥ, ಬಲಭದ್ರ, ಸುಭದ್ರೆಯರು ಮೂರು ತೇರು ಏರಿ ಇಲ್ಲಿಗೆ ಬರುತ್ತಾರೆ. ಜಗನ್ನಾಥನ ತೇರಿಗೆ 16 ಗಾಲಿ, ಬಲಭದ್ರನದಕ್ಕೆ 14, ಸುಭದ್ರೆಯದಕ್ಕೆ 12. ಮೂರನ್ನೂ ಪ್ರತಿವರ್ಷ ಹೊಸ ಕಟ್ಟಿಗೆಯಿಂದಲೇ ಕಟ್ಟುತ್ತಾರೆ. ದಶಮಿಯಂದು ದೇವರ ಮರಳು ಪಯಣ.

ನಡುವೆ ಪಂಚಮಿಯಂದು ಒಂದು ಸ್ವಾರಸ್ಯ. ತನ್ನನ್ನು ಬಿಟ್ಟು ಹೋದನೆಂದು ಲಕ್ಷ್ಮಿ ಸಿಟ್ಟಾಗಿ ಇಲ್ಲಿಯವರೆಗೆ ಬರುತ್ತಾಳೆ. ಗಂಡನ ತೇರಿನ ಒಂದು ತುಂಡು ಮುರಿದು ಹಿಂದಿರುಗುತ್ತಾಳೆ. ಸಂಸಾರದ ಮುನಿಸನ್ನೂ ಆ ಜನ ದೇವರಿಂದ ಮುಚ್ಚಿಡಲಿಲ್ಲ!

ದೇವರಿಗೆ ತನ್ನ ದೊಡ್ಡ ಗುಡಿ ಸಾಲದೆ? ಹೊರಗೇಕೆ ಬರಬೇಕು? ಆ ಗುಡಿಯೊಳಗೆ ಹೋಗಲು ಎಲ್ಲರಿಗೂ ಅವಕಾಶವಿಲ್ಲ. ಹಿಂದೂಗಳಲ್ಲದವರಿಗೆ ಇಂದಿಗೂ ಪ್ರವೇಶವಿಲ್ಲ. ಬೀದಿಗೆ ಬಂದ ದೇವರನ್ನು ನೋಡಲು ಯಾರ ಅಪ್ಪಣೆಯೂ ಬೇಡ. 17ನೆಯ ಶತಮಾನದ ಸಾಲಬೇಗನು ಮುಸಲ್ಮಾನ ತಂದೆಯ ಮಗ, ಜಗನ್ನಾಥನ ಮೇಲೆ ಹಾಡು ಕಟ್ಟಿದ ಮಹಾಭಕ್ತ. ಅವನ ಸಮಾಧಿ ಆ ಬೀದಿಯಲ್ಲೇ ಇದೆ. ಇಂದಿಗೂ ಜಗನ್ನಾಥನ ತೇರು ಅಲ್ಲಿ ತುಸು ನಿಂತು ಮುಂದೆ ಸಾಗುತ್ತದೆ.

ಇನ್ನು ಮುಖ್ಯ ಮಾತು. ತೇರಿನ ಹಿಂದಿನ ದಿನ ಗುಂಡಿಚಾ ಮಂದಿರವನ್ನು ಗುಡಿಸಿ ತೊಳೆಯುತ್ತಾರೆ. ಇದಕ್ಕೆ ಗುಂಡಿಚಾ ಮಾರ್ಜನ ಎಂದು ಹೆಸರು. ಪುರಿಯಲ್ಲಿ ಬಹುಕಾಲ ಇದ್ದ ಚೈತನ್ಯ ಮಹಾಪ್ರಭುಗಳು (1486–1534) ಶಿಷ್ಯರೊಡನೆ ತಾವೇ ಕಸಬರಿಗೆ ಹಿಡಿದು ಈ ಸೇವೆ ಮಾಡಿದರು. ಕಸವನ್ನು ತಮ್ಮ ಬಟ್ಟೆಯಲ್ಲೇ ಹೊತ್ತು ಹೊರಗೆ ಹಾಕಿದರು. ಎಲ್ಲರ ರಾಶಿಗಿಂತ ಗುರುವಿನ ರಾಶಿಯೇ ದೊಡ್ಡದಾಗಿತ್ತೆಂದು ಅವರ ಚರಿತ್ರೆ ಬರೆದ ಕೃಷ್ಣದಾಸ ಕವಿರಾಜರು ಹೇಳುತ್ತಾರೆ. ಮರುದಿನ, ತೇರು ಹೊರಡುವ ಮುನ್ನ, ಪುರಿಯ ಗಜಪತಿ ಮಹಾರಾಜರು ಬಂಗಾರದ ಹಿಡಿಯ ಕಸಬರಿಗೆಯಿಂದ ಮೂರು ತೇರುಗಳನ್ನೂ ಗುಡಿಸುತ್ತಾರೆ. ಗುರುವೂ ಗುಡಿಸಿದ, ಅರಸನೂ ಗುಡಿಸಿದ. ಆ ಕೆಲಸ ಕೀಳೆಂದು ಇನ್ನು ಯಾರು ಹೇಳಬೇಕು?

ಈಗ ನಮ್ಮ ಕಡೆಗೆ ನೋಡಿಕೊಳ್ಳೋಣ. ನಮ್ಮ ಜಾತ್ರೆಗೆ ತೇರಿನ ಬೀದಿ ಗುಡಿಸುವವರು ಯಾರು? ತೇರು ಎಳೆಯುವಾಗ ಅವರು ಎಲ್ಲಿ ನಿಂತಿರುತ್ತಾರೆ? ಮಿಣಿಗೆ ಅವರ ಕೈ ಹತ್ತುತ್ತದೆಯೋ, ದೂರದಿಂದ ನೋಡಿ ಹೋಗುತ್ತಾರೋ? ಅವರನ್ನು ದೂರ ನಿಲ್ಲಿಸಿ ನಾವು ತೇರು ಎಳೆದರೆ, ಬೀದಿಯ ಕಸ ಹೋಯಿತು, ನಮ್ಮೊಳಗಿನದು ಹಾಗೆಯೇ ಉಳಿಯಿತು. ಅಂಥ ಮನೆಗೆ ದೇವರು ಹೇಗೆ ದಯಮಾಡಿಸಿಯಾನು?

ಗುಂಡಿಚಾ ಮಂದಿರದಂತೆ ನಮ್ಮ ಹೃದಯವೂ ಬಹಳ ದಿನ ಬರಿದಾಗಿರುವ ಮನೆ. ಬರಿದಾಗಿರುವುದು ತಪ್ಪಲ್ಲ, ಗುಡಿಸದೆ ಬಿಡುವುದು ತಪ್ಪು. ಆದ್ದರಿಂದ ಈ ಸಲದ ಜಾತ್ರೆಗೆ ಒಂದು ದಿನ ಮೊದಲೇ ಬನ್ನಿ. ಗೌಡರು, ಶೆಟ್ಟರು, ಮಾಸ್ತರರು, ಎಲ್ಲರೂ ಕಸಬರಿಗೆ ಹಿಡಿಯಿರಿ. ದಿನವೂ ಬೀದಿ ಗುಡಿಸುವ ತಾಯಂದಿರನ್ನು ಮರುದಿನ ಕರೆದು, ಮಿಣಿಯ ಮುಂದಿನ ತುದಿಯನ್ನು ಅವರ ಕೈಗೆ ಕೊಡಿರಿ. ಆಗ ತೇರು ಮುಟ್ಟಬೇಕಾದ ಮನೆಯನ್ನು ಮುಟ್ಟುತ್ತದೆ.