ಬಾನಿನಲ್ಲೊಂದು ಕಣ್ಣು

ಮರವಂತೆಯ ಹೆದ್ದಾರಿಯಲ್ಲಿ, ಸೌಪರ್ಣಿಕೆಗೆ ಬೆನ್ನುಮಾಡಿ ನಿಂತವನಿಗೆ ಎದುರಿನ ಕಡಲು ಅನಂತವೆಂದೇ ತೋರುತ್ತದೆ. ವಾಸ್ತವದಲ್ಲಿ ಅವನ ನೋಟ 5 ಕಿಲೋಮೀಟರಿನೊಳಗೇ ಮುಗಿಯುತ್ತದೆ. ಅದರಾಚೆ ಭೂಮಿಯ ದುಂಡುತನವು ದೋಣಿಯ ಒಡಲನ್ನು ಮರೆಮಾಡುತ್ತದೆ. ನೆಲದ ಮೇಲಿನ ರೇಡಾರಿಗೂ ಇದೇ ಕೊರತೆ. ತಗ್ಗಿನಲ್ಲಿ ಹಾರಿಬರುವ ಶತ್ರುವಿಮಾನ ಅದಕ್ಕೆ ಗೋಚರಿಸುವುದು ತೀರ ಸಮೀಪಿಸಿದ ಮೇಲೆ. ಅದೇ ರೇಡಾರನ್ನು 9 ಕಿಲೋಮೀಟರ್ ಎತ್ತರಕ್ಕೆ ಒಯ್ದರೆ ದಿಗಂತವು 300 ಕಿಲೋಮೀಟರಿಗೂ ಆಚೆ ಸರಿಯುತ್ತದೆ.

ಈ ಸರಳ ಲೆಕ್ಕವನ್ನು ಕಾರ್ಯಗತಗೊಳಿಸಲು ಬೆಂಗಳೂರಿನ ರಕ್ಷಣಾ ವಿಜ್ಞಾನಿಗಳು 1980ರ ದಶಕದಲ್ಲಿ ಹೊರಟರು. ಕಾನ್ಪುರದಲ್ಲಿ ನಿರ್ಮಿತವಾದ ಆವ್ರೋ ವಿಮಾನದ ಬೆನ್ನಿನ ಮೇಲೆ, ಒಳಗೆ ರೇಡಾರನ್ನಿರಿಸಿಕೊಂಡು ತಿರುಗುವ ಬೃಹತ್ ಛತ್ರವೊಂದನ್ನು ಕೂಡಿಸಿ, 1990ರಲ್ಲಿ ಹಾರಿಸಿದರು. 'ಐರಾವತ'ವೆಂಬ ಹೆಸರೇನೋ ಒಪ್ಪುವಂತಿತ್ತು. ಆದರೆ ಪ್ರಯಾಣಿಕರನ್ನು ಹೊರಲೆಂದು ಹುಟ್ಟಿದ ಆ ವಿಮಾನಕ್ಕೆ ಅಂತಹ ಹೊರೆ ಸಹಜವಾದುದಲ್ಲ.

1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣಂ ನೌಕಾ ವಿಮಾನನೆಲೆಯ ಬಳಿ ಛತ್ರವು ಕಳಚಿತು, ವಿಮಾನವು ನೆಲಕ್ಕಪ್ಪಳಿಸಿತು. ವಿಜ್ಞಾನಿಗಳೂ ವಾಯುದಳದವರೂ ಸೇರಿ ಎಂಟು ಮಂದಿ ಅಸುನೀಗಿದರು. ವಿಮಾನ ಹೋದರೆ ಇನ್ನೊಂದನ್ನು ಕಟ್ಟಬಹುದು. ವರ್ಷಗಟ್ಟಲೆ ಒಂದೇ ಯಂತ್ರದ ಗುಣದೋಷಗಳನ್ನು ಅರಿತವರನ್ನು ಎಲ್ಲಿಂದ ತರುವುದು? ಯೋಜನೆಯೇ ನಿಂತುಹೋಯಿತು.

2004ರಲ್ಲಿ ಅದಕ್ಕೆ ಮರುಜೀವ ಬಂದಾಗ ತಿರುಗುವ ಛತ್ರವನ್ನು ಕೈಬಿಡಲಾಗಿತ್ತು. ಬ್ರೆಜಿಲ್ ದೇಶದ ಎಂಬ್ರಾಯರ್ ಜೆಟ್ ವಿಮಾನದ ಬೆನ್ನಿನ ಮೇಲೆ ಉದ್ದನೆಯ ತೊಲೆಯಂತೆ ಕುಳಿತ ಆಂಟೆನಾ ಅಲುಗಾಡುವುದಿಲ್ಲ. ಅದರ ಕಿರಣ ಮಾತ್ರ ವಿದ್ಯುನ್ಮಾನದ ಬಲದಿಂದ ಅತ್ತಿತ್ತ ಹೊರಳುತ್ತದೆ. ಎಡಕ್ಕೆ 120, ಬಲಕ್ಕೆ 120 ಡಿಗ್ರಿ ಅದರ ನೋಟ. ಮುಂದೂ ಹಿಂದೂ ಕಾಣದ ಕಣ್ಣೇ ಎಂದು ವಾಚಕರು ನಗಬಹುದು. ವಿಮಾನವು ಸುತ್ತು ಹಾಕುತ್ತ ಹಾರಿ ಆ ಕುಂದನ್ನು ತುಂಬಿಕೊಳ್ಳುತ್ತದೆ! ನೋಡುವುದಷ್ಟೇ ಅದರ ಕೆಲಸವಲ್ಲ. ತಾನು ತುಟಿಪಿಟಕ್ಕೆನ್ನದೆ ಪರರ ರೇಡಾರಿನ ಸ್ಪಂದನಗಳನ್ನೂ ರೇಡಿಯೋ ಸಂಭಾಷಣೆಗಳನ್ನೂ ಆಲಿಸಿ, ಅವು ಎತ್ತಣಿಂದ ಬಂದವೆಂದು ಗುರುತಿಸಬಲ್ಲುದು. ವಿದ್ಯುನ್ಮಾನ ಸಮರವೆಂಬುದರ ಅರ್ಧಭಾಗ ಹೀಗೆ ಕಿವಿಗೊಡುವುದೇ ಆಗಿದೆ.

2012ರ ಆಗಸ್ಟಿನಲ್ಲಿ ಮೊದಲ ವಿಮಾನ ಬೆಂಗಳೂರಿಗೆ ಬಂದಿತು. ಪರೀಕ್ಷೆಗಳಿಗೆ ಮತ್ತೆ ನಾಲ್ಕೂವರೆ ವರ್ಷ ಹಿಡಿಯಿತು. 2017ರ ಫೆಬ್ರವರಿ 14ರಂದು ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ 'ನೇತ್ರ'ವು ವಾಯುದಳದ ಕೈಸೇರಿದಾಗ ಅರಕ್ಕೋಣಂ ದುರಂತಕ್ಕೆ 18 ವರ್ಷ ತುಂಬಿ ಒಂದು ತಿಂಗಳು ಕಳೆದಿತ್ತು. ಪಂಜಾಬಿನ ಬಠಿಂಡಾ ಬಳಿಯ ಭೀಸಿಯಾನಾದಲ್ಲಿ ಅದರ ಬೀಡು. 2019ರ ಫೆಬ್ರವರಿ 26ರ ನಸುಕಿನಲ್ಲಿ ಮಿರಾಜ್ ವಿಮಾನಗಳು ಬಾಲಾಕೋಟಿನತ್ತ ಸಾಗಿದಾಗ, ಅವುಗಳಿಗಾಗಿ ಆಗಸವನ್ನು ಕಾಯುತ್ತಿದ್ದವುಗಳಲ್ಲಿ ನೇತ್ರವೂ ಒಂದಾಗಿತ್ತು. ಅದೇ ಸೆಪ್ಟೆಂಬರಿನಲ್ಲಿ ಎರಡನೆಯ ನೇತ್ರ ಬಠಿಂಡಾಕ್ಕೆ ತೆರಳಿತು.